ಚೆಂಡು ಕಾಲಿಗೆ ಬರುವ ಮೊದಲು

ನನಗೆ ಆಗ 16 ವರ್ಷ. ಫುಟ್‌ಬಾಲ್ ಅಕಾಡೆಮಿಯಲ್ಲಿ ಸಂಜೆಯ ಟ್ರೇನಿಂಗ್ ನಡೆಯುತ್ತಿತ್ತು. ಅರ್ಧ ಮೈದಾನದಲ್ಲಿ ಎಂಟು ಜನರ ಎದುರು ಎಂಟು ಜನ. ನಾನು ಮಧ್ಯದಲ್ಲಿ ನಿಂತು ಚೆಂಡು ಕೇಳುತ್ತಿದ್ದೆ. ನಮ್ಮ ಸೆಂಟರ್ ಬ್ಯಾಕ್, ಅಂದರೆ ಹಿಂದಿನ ಸಾಲಿನ ಮಧ್ಯದ ಡಿಫೆಂಡರ್, ಪಾಸ್ ಕೊಟ್ಟ. ಚೆಂಡನ್ನು ಚೆನ್ನಾಗಿಯೇ ತಡೆದೆ. ತಿರುಗುವಷ್ಟರಲ್ಲಿ ಎದುರಾಳಿಯೊಬ್ಬ ಅದನ್ನು ಕಿತ್ತುಕೊಂಡು ಹೋಗಿದ್ದ.

ಕೋಚ್ ಸೀಟಿ ಊದಿದರು. ಎಲ್ಲರಿಗೂ ನಿಂತಲ್ಲೇ ನಿಲ್ಲಲು ಹೇಳಿದರು. ನನ್ನ ಹತ್ತಿರ ಬಂದು, "ಕಣ್ಣು ಮುಚ್ಚು" ಅಂದರು. ಮುಚ್ಚಿದೆ. "ಈಗ ಹೇಳು, ನಿನ್ನ ಹಿಂದೆ ಯಾರಿದ್ದಾರೆ? ಎಡಕ್ಕೆ ಯಾರು? ನಮ್ಮ ಸ್ಟ್ರೈಕರ್ ಎಲ್ಲಿ ನಿಂತಿದ್ದಾನೆ?"

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನೆ ನಿಂತೆ.

"ನಿನ್ನ ಕಾಲು ಚೆನ್ನಾಗಿದೆಯಪ್ಪ" ಅಂದರು. "ಆದರೆ ಚೆಂಡು ಬಂದ ಮೇಲೆ ನೀನು ಆಟ ಶುರು ಮಾಡ್ತೀಯ. ಮಧ್ಯದಲ್ಲಿ ಆಡುವವನಿಗೆ ಅಷ್ಟೊತ್ತಿಗೆ ತಡವಾಗಿರುತ್ತೆ."

ಈಗ ನನಗೆ 24. ವೃತ್ತಿಪರ ಮಿಡ್‌ಫೀಲ್ಡರ್ ಆಗಿ ಇದು ನನ್ನ ಏಳನೇ ಸೀಸನ್. ಚಿಕ್ಕ ಹುಡುಗರು ಸಿಕ್ಕಾಗ ಡ್ರಿಬ್ಲಿಂಗ್ ಹೇಗೆ ಕಲಿತೆ, ಫ್ರೀ ಕಿಕ್ ಹೇಗೆ ಹೊಡೆಯಬೇಕು ಅಂತ ಕೇಳುತ್ತಾರೆ. ಒಂದು ಮ್ಯಾಚಿನಲ್ಲಿ ನಾನು 11 ಕಿಲೋಮೀಟರ್ ಓಡುತ್ತೇನೆ, ಕೆಲವು ಸಲ 12. ಅಷ್ಟರಲ್ಲಿ ಚೆಂಡು ನನ್ನ ಕಾಲಲ್ಲಿ ಇರುವುದು ಒಂದೆರಡು ನಿಮಿಷ ಅಷ್ಟೇ. ಉಳಿದ ಹೊತ್ತು ಏನು ಮಾಡುತ್ತೀಯ ಅಂತ ಯಾರೂ ಕೇಳುವುದಿಲ್ಲ. ನನ್ನನ್ನು ಈ ಕೆಲಸದಲ್ಲಿ ಉಳಿಸಿದ್ದು ಆ ಉಳಿದ ಹೊತ್ತು. ಅದರ ಬಗ್ಗೆಯೇ ಬರೆಯುತ್ತೇನೆ.

ಆ ಸಂಜೆಯ ಮರುದಿನದಿಂದಲೇ ಭುಜದ ಮೇಲಿಂದ ಹಿಂದೆ ನೋಡುವ ಅಭ್ಯಾಸ ಶುರು ಮಾಡಿದೆ. ಮೊದಲ ಎರಡು ವಾರ ಅದನ್ನು ಪೂರ್ತಿ ತಪ್ಪಾಗಿ ಮಾಡಿದೆ. ತಲೆಯನ್ನು ತಿರುಗಿಸುತ್ತಿದ್ದೆ, ಆದರೆ ಕಣ್ಣು ಏನನ್ನೂ ಹಿಡಿಯುತ್ತಿರಲಿಲ್ಲ. ಕೋಚ್ ಇದನ್ನು ಗಮನಿಸಿ ಒಂದು ಆಟ ಹೇಳಿಕೊಟ್ಟರು. ಒಬ್ಬ ನನ್ನ ಎದುರು ನಿಂತು ಪಾಸ್ ಕೊಡುವುದು. ಇನ್ನೊಬ್ಬ ನನ್ನ ಹಿಂದೆ ನಿಂತು ಬೆರಳು ಎತ್ತಿ ತೋರಿಸುವುದು. ಚೆಂಡು ನನ್ನ ಕಾಲಿಗೆ ತಗಲುವ ಮೊದಲು ಎಷ್ಟು ಬೆರಳು ಅಂತ ನಾನು ಕೂಗಿ ಹೇಳಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಮೊದಲ ದಿನ ಹತ್ತಕ್ಕೆ ಮೂರು ಸರಿ ಹೇಳಿದೆ. ಹೇಳಿದ ಆ ಮೂರರಲ್ಲೂ ಚೆಂಡು ಕಾಲಡಿಯಿಂದ ಜಾರಿ ಹೋಗಿತ್ತು.

ಆಮೇಲೆ ಗೊತ್ತಾಯಿತು, ಎಷ್ಟು ಸಲ ನೋಡುತ್ತೇನೆ ಅನ್ನುವುದಕ್ಕಿಂತ ಯಾವಾಗ ನೋಡುತ್ತೇನೆ ಅನ್ನುವುದು ದೊಡ್ಡದು. ಚೆಂಡು ಬೇರೆ ಇಬ್ಬರ ನಡುವೆ ಉರುಳುತ್ತಿರುವಾಗ ಅದರ ದಾರಿ ಬದಲಾಗುವುದಿಲ್ಲ. ಆ ಅರ್ಧ ಸೆಕೆಂಡ್ ನನ್ನದು. ಆಗ ಹಿಂದೆ ನೋಡಬೇಕು. ಚೆಂಡು ಇರುವವನು ತಲೆ ಎತ್ತಿ ನನ್ನ ಕಡೆ ಕಾಲು ಬೀಸುವಾಗ ಕಣ್ಣು ಅವನ ಮೇಲೆಯೇ ಇರಬೇಕು, ಇಲ್ಲದಿದ್ದರೆ ಪಾಸಿನ ವೇಗ ಗೊತ್ತಾಗುವುದಿಲ್ಲ. ಪಾಸ್ ಉದ್ದವಾಗಿದ್ದರೆ ಅದು ದಾರಿಯಲ್ಲಿರುವಾಗ ಇನ್ನೊಂದು ಸಲ ಚಕ್ಕನೆ ನೋಡಬಹುದು. ಈ ಕೊನೆಯ ನೋಟವೇ ಅತಿ ಕಷ್ಟ, ಅದಕ್ಕೆ ಬೆಲೆಯೂ ಜಾಸ್ತಿ. ಯಾಕೆಂದರೆ ಎದುರಾಳಿ ನನ್ನ ಮೇಲೆ ಏರಿ ಬರಲು ಶುರು ಮಾಡುವುದು ಆಗಲೇ.

ಏನನ್ನು ನೋಡಬೇಕು ಅನ್ನುವುದಕ್ಕೂ ಒಂದು ಕ್ರಮ ಮಾಡಿಕೊಂಡೆ. ಮೊದಲು ನನಗೆ ಅತಿ ಹತ್ತಿರದ ಎದುರಾಳಿ. ಅವನು ಎಷ್ಟು ದೂರ ಇದ್ದಾನೆ, ಅವನ ಮೈ ಯಾವ ಕಡೆಗೆ ತಿರುಗಿದೆ. ಮೈ ಬೇರೆ ಕಡೆ ಇದ್ದರೆ ಮೂರು ಮೀಟರ್ ದೂರದಲ್ಲಿದ್ದರೂ ನನಗೆ ತಿರುಗುವಷ್ಟು ಸಮಯ ಸಿಗುತ್ತದೆ. ಆಮೇಲೆ ಖಾಲಿ ಜಾಗ. ಕೊನೆಗೆ ಮುಂದಿರುವ ನಮ್ಮವನು. ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿಯಲು ಹೋದರೆ ಯಾವುದೂ ಸಿಗುವುದಿಲ್ಲ. ಎರಡು ಮೂರು ಸಣ್ಣ ನೋಟಗಳಲ್ಲಿ ತಲೆಯೊಳಗೆ ಒಂದು ನಕ್ಷೆ ಮೂಡಬೇಕು.

ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೋ ನೋಡಿ ಇದನ್ನೇ ಎಣಿಸಿದ್ದರು. ಚೆಂಡು ಬರುವ ಮುಂಚೆ ಯಾರು ಎಷ್ಟು ಸಲ ತಲೆ ತಿರುಗಿಸಿ ನೋಡುತ್ತಾರೆ ಅನ್ನುವ ಲೆಕ್ಕ. ಜಾಸ್ತಿ ನೋಡುವವರ ಪಾಸ್‌ಗಳು ಜಾಸ್ತಿ ಸರಿಯಾಗಿ ತಲುಪುತ್ತಿದ್ದವು, ಮುಖ್ಯವಾಗಿ ಮುಂದಕ್ಕೆ ಕೊಡುವ ಪಾಸ್‌ಗಳು. ಸ್ಪೇನಿನ ಮಿಡ್‌ಫೀಲ್ಡರ್ ಆಗಿದ್ದ ಚಾವಿ ಅವರ ಹಳೆಯ ಮ್ಯಾಚ್ ನೋಡುವಾಗ ಚೆಂಡನ್ನು ಬಿಟ್ಟು ಅವರ ತಲೆಯನ್ನು ಮಾತ್ರ ನೋಡಿ. ಒಂದು ಕ್ಷಣವೂ ಅದು ನಿಲ್ಲುವುದಿಲ್ಲ. 1.70 ಮೀಟರ್ ಎತ್ತರದ ಮನುಷ್ಯ ದೊಡ್ಡ ದೊಡ್ಡ ಮೈಕಟ್ಟಿನವರ ನಡುವೆ ಚೆಂಡು ಕಳೆದುಕೊಳ್ಳದೆ ಆಡಿದ್ದರ ಹಿಂದೆ ಇದೇ ಕೆಲಸ ಇತ್ತು.

ನಾನೂ ಎಣಿಸಲು ಶುರು ಮಾಡಿದೆ. ಅಕಾಡೆಮಿಯಲ್ಲಿ ವಿಡಿಯೋ ನೋಡಿಕೊಳ್ಳುವವರ ಹತ್ತಿರ ಇಡೀ ಮೈದಾನ ಕಾಣುವ ರೆಕಾರ್ಡಿಂಗ್ ಕೇಳಿ ತೆಗೆದುಕೊಳ್ಳುತ್ತಿದ್ದೆ. ನನಗೆ ಪಾಸ್ ಬಂದ ಪ್ರತಿ ಸಲವೂ ಅದಕ್ಕೆ ಮುಂಚಿನ 10 ಸೆಕೆಂಡ್ ಹಿಂದಕ್ಕೆ ಹಾಕಿ ತಲೆ ಎಷ್ಟು ಸಲ ತಿರುಗಿತು ಅಂತ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ. ಮೊದಲ ಮ್ಯಾಚಿನಲ್ಲಿ ಒಂದು, ಹೆಚ್ಚೆಂದರೆ ಎರಡು ಗೆರೆ. ಬಹಳ ಕಡೆ ಸೊನ್ನೆ. ಆರು ತಿಂಗಳಾದ ಮೇಲೆ ನಾಲ್ಕೈದು ಗೆರೆ ಬರತೊಡಗಿದವು. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ನಡೆಯುವಾಗಲೂ ಭುಜದ ಹಿಂದೆ ನೋಡುವುದು ಅಭ್ಯಾಸವಾಗಿ ಹೋಗಿತ್ತು.

ನೋಡಿದ್ದು ಉಪಯೋಗಕ್ಕೆ ಬರಬೇಕಾದರೆ ಮೈಯೂ ಸರಿಯಾಗಿ ನಿಂತಿರಬೇಕು. ಪಾಸ್ ಕೊಡುವವನಿಗೆ ನೇರವಾಗಿ ಎದೆ ಕೊಟ್ಟು ನಿಂತರೆ ಅರ್ಧ ಮೈದಾನ ಬೆನ್ನಿಗೆ ಬೀಳುತ್ತದೆ. ಓರೆಯಾಗಿ ನಿಂತು, ಚೆಂಡನ್ನು ದೂರದ ಕಾಲಿನವರೆಗೂ ಬಿಟ್ಟುಕೊಂಡು ತಡೆದರೆ ಮೊದಲ ಟಚ್‌ನಲ್ಲೇ ಮುಂದಕ್ಕೆ ಹೋಗಬಹುದು. ನನ್ನ ಎಡಗಾಲು ದುರ್ಬಲವಾಗಿತ್ತು. ಹಾಗಾಗಿ ನಾನು ಯಾವಾಗಲೂ ಒಂದೇ ಕಡೆಗೆ ತಿರುಗುತ್ತಿದ್ದೆ, ಎದುರಾಳಿಗಳಿಗೆ ಅದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ದಿನಕ್ಕೆ 20 ನಿಮಿಷ ಗೋಡೆಗೆ ಹೊಡೆದು ಎಡಗಾಲಲ್ಲಿ ತಡೆಯುವುದು, ಎಡಗಾಲಲ್ಲೇ ಕೊಡುವುದು. ಎರಡು ವರ್ಷ ಬಿಡದೆ ಮಾಡಿದೆ. ಇದರಲ್ಲಿ ಹೇಳುವಂಥ ಗುಟ್ಟು ಏನೂ ಇಲ್ಲ.

ಮೈಕಟ್ಟಿನ ವಿಷಯವನ್ನೂ ಹೇಳಬೇಕು, ಯಾಕೆಂದರೆ ಎಷ್ಟೋ ಹುಡುಗರು ಅಲ್ಲೇ ಬಿಟ್ಟು ಹೋಗುತ್ತಾರೆ. ನಾನು ಹುಟ್ಟಿದ್ದು ವರ್ಷದ ಕೊನೆಯ ತಿಂಗಳಲ್ಲಿ. ವಯಸ್ಸಿನ ಗುಂಪು ಮಾಡುವಾಗ ಜನವರಿ 1 ಲೆಕ್ಕಕ್ಕೆ ಬರುತ್ತದೆ. ಅಂದರೆ ನನ್ನ ಗುಂಪಿನ ಕೆಲವರು ನನಗಿಂತ ಹನ್ನೊಂದು ತಿಂಗಳು ದೊಡ್ಡವರು. 13, 14ರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಒಂದು ತಲೆ ಎತ್ತರದ ವ್ಯತ್ಯಾಸ ಆಗಬಹುದು. ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಜಾಸ್ತಿ ಇರುವುದು ಎಷ್ಟೋ ದೇಶಗಳ ಲೆಕ್ಕದಲ್ಲಿ ಕಂಡುಬಂದಿದೆ. ಆಯ್ಕೆ ಮಾಡುವವರ ಕಣ್ಣಿಗೆ ದೊಡ್ಡ ಮೈ ಪ್ರತಿಭೆಯಾಗಿ ಕಾಣುತ್ತದೆ. ಕ್ರೊಯೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮೋಡ್ರಿಚ್ ಅವರನ್ನು ಹುಡುಗನಾಗಿದ್ದಾಗ ಹೈದುಕ್ ಸ್ಪ್ಲಿಟ್ ಕ್ಲಬ್ ತೀರಾ ಚಿಕ್ಕವನು ಅಂತ ಬೇಡ ಅಂದಿತ್ತು. 2018ರಲ್ಲಿ ಅವರೇ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಗೆದ್ದರು. ಎನ್‌ಗೊಲೊ ಕಾಂಟೆ 21ನೇ ವಯಸ್ಸಿನಲ್ಲಿ ಫ್ರಾನ್ಸಿನ ಮೂರನೇ ಹಂತದ ಲೀಗಿನಲ್ಲಿ ಆಡುತ್ತಿದ್ದರು. 2016ರಲ್ಲಿ ಲೆಸ್ಟರ್ ಜೊತೆ, 2017ರಲ್ಲಿ ಚೆಲ್ಸಿ ಜೊತೆ ಇಂಗ್ಲೆಂಡಿನ ಲೀಗ್ ಗೆದ್ದು, 2018ರಲ್ಲಿ ವಿಶ್ವಕಪ್ಪನ್ನೂ ಎತ್ತಿದರು. ಈ ಹೆಸರುಗಳು ನನ್ನ ಕೋಣೆಯ ಗೋಡೆಯ ಮೇಲಿದ್ದವು. ನನ್ನ ಮೈ ಬೆಳೆದದ್ದು 17 ದಾಟಿದ ಮೇಲೆ. ಅಲ್ಲಿಯವರೆಗೆ ತಳ್ಳಾಟದಲ್ಲಿ ಗೆಲ್ಲಲು ಆಗುತ್ತಿರಲಿಲ್ಲ. ತಳ್ಳುವವನು ಬರುವ ಮೊದಲೇ ಚೆಂಡು ಕೊಟ್ಟು ಮುಗಿಸಬೇಕಿತ್ತು. ಹಿಂದೆ ನೋಡುವ ಅಭ್ಯಾಸ ನನಗೆ ಅಷ್ಟು ಬೇಗ ಅಂಟಿಕೊಂಡದ್ದು ಬಹುಶಃ ಈ ಕಾರಣಕ್ಕೇ.

17ಕ್ಕೆ ಮೊದಲ ವೃತ್ತಿಪರ ಒಪ್ಪಂದ ಬಂತು. 18 ತುಂಬದ ಆಟಗಾರನಿಗೆ ಮೂರು ವರ್ಷಕ್ಕಿಂತ ಉದ್ದದ ಒಪ್ಪಂದ ಮಾಡುವಂತಿಲ್ಲ ಅನ್ನುತ್ತದೆ ಫಿಫಾ ನಿಯಮ. ದೊಡ್ಡವರಿಗೆ ಅದು ಐದು ವರ್ಷ. ನನಗೆ ಎರಡು ವರ್ಷದ್ದು ಕೊಟ್ಟರು. ಅಪ್ಪ, ಅಮ್ಮ, ನಾನು ಮೂವರೂ ಮೇಜಿನ ಸುತ್ತ ಕೂತೆವು. ಸಂಬಳದ ಸಾಲು ಓದಿದೆವು, ಖುಷಿಪಟ್ಟೆವು, ಸಹಿ ಹಾಕಿದೆವು. ನಾಲ್ಕನೇ ಪುಟದಲ್ಲಿ ಒಂದು ಸಾಲು ಇತ್ತು. ಕ್ಲಬ್ ಬಯಸಿದರೆ ಅದೇ ಸಂಬಳಕ್ಕೆ ಇನ್ನೊಂದು ವರ್ಷ ಮುಂದುವರಿಸಬಹುದು, ನನ್ನ ಒಪ್ಪಿಗೆ ಬೇಕಿಲ್ಲ ಅಂತ. ನಾವು ಅದನ್ನು ಓದಿರಲಿಲ್ಲ. ಆಮೇಲೆ ಆ ಸಾಲು ನನಗೆ ಒಂದು ಪೂರ್ತಿ ವರ್ಷದ ನಷ್ಟ ಮಾಡಿತು. ಬೇರೆ ಕಡೆಯಿಂದ ಒಳ್ಳೆಯ ಮಾತು ಬಂದಾಗ ನನಗೆ ಹೋಗಲು ಆಗಲಿಲ್ಲ.

ಹಾಗಾಗಿ ಹೇಳುತ್ತೇನೆ, ಸಹಿ ಮಾಡುವ ಮೊದಲು ಕಾಗದ ಮನೆಗೆ ತನ್ನಿ. ಒಪ್ಪಂದ ಓದಿ ಗೊತ್ತಿರುವ ವಕೀಲರಿಗೆ ತೋರಿಸಿ, ಇಲ್ಲವೇ ಆಟಗಾರರ ಸಂಘಕ್ಕೆ ತೋರಿಸಿ. ಗಾಯವಾಗಿ ಕೂತಾಗ ಸಂಬಳ ಪೂರ್ತಿ ಬರುತ್ತದಾ, ಚಿಕಿತ್ಸೆಯ ಖರ್ಚು ಯಾರದು, ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್ಬಿಗೆ ಆಡಲು, ಕಳಿಸುವಾಗ ನನ್ನ ಮಾತಿಗೆ ಜಾಗ ಇದೆಯಾ, ಒಪ್ಪಂದ ಮುಂದುವರಿಸುವ ಹಕ್ಕು ಯಾರ ಕೈಯಲ್ಲಿದೆ. ಈ ನಾಲ್ಕನ್ನು ಕೇಳದೆ ಪೆನ್ನು ಮುಟ್ಟಬೇಡಿ. ಇನ್ನೊಂದು ವಿಷಯವೂ ತಿಳಿದಿರಲಿ. ಯುವ ಆಟಗಾರ ಬೇರೆ ದೇಶದ ಕ್ಲಬ್ಬಿಗೆ ಹೋದರೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ತರಬೇತಿ ಪರಿಹಾರ ಸಲ್ಲಬೇಕಾಗುತ್ತದೆ. ಆಮೇಲೆ ವರ್ಗಾವಣೆಗೆ ಹಣ ಕೊಟ್ಟಾಗ ಅದರ 5 ಶೇಕಡಾ ಅವನ 12ರಿಂದ 23ನೇ ವಯಸ್ಸಿನ ನಡುವೆ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಿಹೋಗುತ್ತದೆ. ನಿಮ್ಮನ್ನು ಮೊದಲು ಆಡಿಸಿದ ಸಣ್ಣ ಕ್ಲಬ್ಬಿನ ಹೆಸರು ನಿಮ್ಮ ದಾಖಲೆಯಲ್ಲಿ ಸರಿಯಾಗಿ ಇದೆಯಾ ಅಂತ ನೋಡಿ. ಆ ಹಣ ಅವರಿಗೆ ದೊಡ್ಡದು.

ಸೀನಿಯರ್ ತಂಡದ ಜೊತೆ ಮೊದಲ ಟ್ರೇನಿಂಗ್ ದಿನ ನನಗೆ ಆಶ್ಚರ್ಯ ಆಗಿದ್ದು ಪಾಸಿನ ವೇಗ ನೋಡಿ. ಓಟದಲ್ಲಿ ನಾನು ಅವರಿಗೆ ಸಮನಾಗಿದ್ದೆ. ಬೀಪ್ ಸದ್ದಿಗೆ 20 ಮೀಟರ್ ಹೋಗಿ ಬಂದು 10 ಸೆಕೆಂಡ್ ಬಿಡುವು ತಗೊಂಡು ಮತ್ತೆ ಓಡುವ ಯೋ-ಯೋ ಪರೀಕ್ಷೆಯಲ್ಲಿ ಮೊದಲ ಐದರಲ್ಲಿ ಬಂದೆ. ಆದರೆ ರಾಂಡೋದಲ್ಲಿ, ಅಂದರೆ ಸುತ್ತ ನಿಂತವರು ಒಂದೇ ಟಚ್‌ನಲ್ಲಿ ಕೊಡುತ್ತಾ ಮಧ್ಯದ ಇಬ್ಬರಿಂದ ಚೆಂಡು ಉಳಿಸಿಕೊಳ್ಳುವ ಆಟದಲ್ಲಿ, ಹೆಚ್ಚು ಹೊತ್ತು ಮಧ್ಯದಲ್ಲೇ ಇದ್ದೆ. ಚೆಂಡು ಕಾಲಿಗೆ ಬಡಿದು ಹಾರುತ್ತಿತ್ತು. ಅಷ್ಟು ಗಟ್ಟಿಯಾಗಿ ಕೊಡುತ್ತಿದ್ದರು.

ಆ ತಂಡದಲ್ಲಿ 33 ವರ್ಷದ ಮಿಡ್‌ಫೀಲ್ಡರ್ ಒಬ್ಬರಿದ್ದರು. ಅವರು ಅವಸರ ಮಾಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಒಂದು ದಿನ ಟ್ರೇನಿಂಗ್ ಮುಗಿದ ಮೇಲೆ ನನ್ನನ್ನು ಕರೆದರು. "ನೀನು ನನಗೆ ಪಾಸ್ ಕೊಡ್ತೀಯಲ್ಲ, ಯಾವ ಕಾಲಿಗೆ ಕೊಡ್ತೀಯ?" ಅಂದರು. ನಾನು "ನಿಮ್ಮ ಹತ್ತಿರಕ್ಕೆ ಕೊಡ್ತೀನಿ ಸರ್" ಅಂದೆ. ಅವರು ತಲೆ ಆಡಿಸಿದರು. "ನನ್ನ ಬೆನ್ನ ಹಿಂದೆ ಯಾರೂ ಇಲ್ಲದಿದ್ದರೆ ಮುಂದಿನ ಗೋಲಿಗೆ ಹತ್ತಿರವಿರುವ ಕಾಲಿಗೆ ಕೊಡು. ಆಗ ನಾನು ನೋಡದೆಯೇ ತಿರುಗಬಹುದು ಅಂತ ಗೊತ್ತಾಗುತ್ತೆ. ಹಿಂದೆ ಯಾರಾದರೂ ಇದ್ದರೆ ನಿನಗೆ ಹತ್ತಿರವಿರುವ ಕಾಲಿಗೆ ಗಟ್ಟಿಯಾಗಿ ಕೊಡು. ಆಗ ನಾನು ವಾಪಸ್ ಕೊಡ್ತೀನಿ. ನಿನ್ನ ಪಾಸ್ ನನಗೆ ಸುದ್ದಿ ಹೇಳಬೇಕು."

ಆ ಮಾತು ನನ್ನ ಆಟವನ್ನೇ ಬದಲಿಸಿತು. ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ನನ್ನ ಸಲುವಾಗಿ ಮಾತ್ರ. ನನ್ನ ಜೊತೆಯವನ ಬೆನ್ನ ಹಿಂದೆ ಏನಿದೆ ಅನ್ನುವುದು ಅವನಿಗಿಂತ ನನಗೆ ಚೆನ್ನಾಗಿ ಕಾಣುತ್ತದೆ. ಅದನ್ನು ಚೆಂಡಿನ ಮೂಲಕವೇ ಅವನಿಗೆ ಮುಟ್ಟಿಸಬಹುದು ಅಂತ ನನಗೆ ಹೊಳೆದಿರಲೇ ಇಲ್ಲ. ಜೊತೆಗೆ ಬಾಯಿಂದಲೂ ಹೇಳಬೇಕು. "ತಿರುಗು", "ಹಿಂದೆ ಇದ್ದಾನೆ", ಅಷ್ಟೇ ಸಾಕು. ಇಂದಿಗೂ ನಾನು ಕೆಟ್ಟ ಪಾಸ್ ಕೊಟ್ಟೆ ಅಂತ ಅನ್ನಿಸುವುದು ಅದು ತಲುಪದಿದ್ದಾಗ ಮಾತ್ರ ಅಲ್ಲ. ತಲುಪಿಯೂ ಜೊತೆಯವನನ್ನು ಕಷ್ಟಕ್ಕೆ ಸಿಕ್ಕಿಸಿದ ಪಾಸ್ ರಾತ್ರಿ ನಿದ್ದೆಯಲ್ಲೂ ಕಾಡುತ್ತದೆ.

18ಕ್ಕೆ ಮೊದಲ ಲೀಗ್ ಮ್ಯಾಚ್. 78ನೇ ನಿಮಿಷಕ್ಕೆ ಸಬ್ ಆಗಿ, ಅಂದರೆ ಬದಲಿ ಆಟಗಾರನಾಗಿ, ಇಳಿದೆ. ನಾವು ಒಂದು ಗೋಲು ಮುಂದಿದ್ದೆವು. ಒಂಬತ್ತು ಸಲ ಚೆಂಡು ಮುಟ್ಟಿದೆ. ಒಂಬತ್ತೂ ನನಗೆ ನೆನಪಿವೆ. ಆರು ಹಿಂದಕ್ಕೆ ಅಥವಾ ಪಕ್ಕಕ್ಕೆ, ಎರಡು ಮುಂದಕ್ಕೆ, ಒಂದು ಥ್ರೋ ಇನ್‌ಗೆ ಹೋಯಿತು. ಗೆದ್ದೆವು. ಅಮ್ಮ ಫೋನಿನಲ್ಲಿ ಅತ್ತರು.

ಆ ಸೀಸನ್ ಪೂರ್ತಿ 11 ಮ್ಯಾಚ್‌ಗಳಲ್ಲಿ ಒಟ್ಟು 143 ನಿಮಿಷ ಆಡಿದೆ. ಐದು ಸಬ್‌ಗಳನ್ನು ಇಳಿಸುವ ನಿಯಮ 2020ರಲ್ಲಿ ತಾತ್ಕಾಲಿಕವಾಗಿ ಬಂದು ಆಮೇಲೆ ಖಾಯಂ ಆಯಿತು. ನನ್ನಂಥ ಹುಡುಗರಿಗೆ ಅದರಿಂದ ಉಪಕಾರವೂ ಆಗಿದೆ, ಮೋಸವೂ ಆಗಿದೆ ಅನ್ನುವುದು ನನ್ನ ಅನಿಸಿಕೆ. ಇಳಿಯುವ ಅವಕಾಶ ಜಾಸ್ತಿ ಸಿಗುತ್ತದೆ. ಆದರೆ ಹತ್ತು ಹತ್ತು ನಿಮಿಷ ಆಡುತ್ತಾ ತಾನು ತಂಡದಲ್ಲಿ ಇದ್ದೇನೆ ಅಂತ ಹುಡುಗ ನಂಬಿಕೊಳ್ಳುತ್ತಾನೆ. ಹತ್ತು ನಿಮಿಷದಲ್ಲಿ ಮಿಡ್‌ಫೀಲ್ಡರ್ ಏನೂ ಕಲಿಯುವುದಿಲ್ಲ. ಆಟದ ಉಸಿರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, 60ನೇ ನಿಮಿಷಕ್ಕೆ ಎದುರಾಳಿಯ ಕಾಲು ಹೇಗೆ ಭಾರವಾಗುತ್ತದೆ, ಇದೆಲ್ಲ 90 ನಿಮಿಷ ಆಡಿದವನಿಗೇ ಗೊತ್ತಾಗುವುದು.

19ಕ್ಕೆ ಲೋನ್ ಮೇಲೆ ಹೋಗುತ್ತೇನೆ ಅಂತ ನಾನೇ ಕೇಳಿದೆ. ಎರಡು ಕ್ಲಬ್ ಮುಂದೆ ಬಂದವು. ಒಂದು ಮೇಲಿನ ಹಂತದ್ದು, ದೊಡ್ಡ ಸ್ಟೇಡಿಯಂ, ಒಳ್ಳೆಯ ಹೆಸರು. ಇನ್ನೊಂದು ಎರಡು ಹಂತ ಕೆಳಗಿನದು. ಹೋಗುವ ಮೊದಲು ಎರಡೂ ಕ್ಲಬ್ಬಿನ ತಲಾ ನಾಲ್ಕು ಮ್ಯಾಚ್ ಪೂರ್ತಿ ಕೂತು ನೋಡಿದೆ. ನನ್ನ ಜಾಗದಲ್ಲಿ ಈಗ ಯಾರು ಆಡುತ್ತಾರೆ, ಅವರ ಒಪ್ಪಂದ ಎಷ್ಟು ವರ್ಷ ಇದೆ, ಚೆಂಡು ಮಧ್ಯದ ಮೂಲಕ ಹೋಗುತ್ತದಾ ಅಥವಾ ತಲೆಯ ಮೇಲಿಂದ ಹಾರುತ್ತದಾ ಅಂತ ಬರೆದುಕೊಂಡೆ. ಇಬ್ಬರು ಕೋಚ್‌ಗಳ ಹತ್ತಿರವೂ ಮಾತಾಡಿದೆ. ದೊಡ್ಡ ಕ್ಲಬ್ಬಿನವರು "ಅವಕಾಶ ಬಂದಾಗ ನೋಡೋಣ" ಅಂದರು. ಕೆಳಗಿನ ಹಂತದವರು "ನಿನ್ನನ್ನು 6ನೇ ನಂಬರಿನ ಜಾಗದಲ್ಲಿ ಆಡಿಸ್ತೀನಿ. ಮೊದಲ ತಿಂಗಳು ತಪ್ಪು ಮಾಡ್ತೀಯ, ಆದರೂ ಆಡಿಸ್ತೀನಿ" ಅಂದರು. 6ನೇ ನಂಬರ್ ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ಆಡುವವನು. ಅಲ್ಲಿಗೇ ಹೋದೆ. ಮೋಡ್ರಿಚ್ ಕೂಡ 18ನೇ ವಯಸ್ಸಿನಲ್ಲಿ ಲೋನ್ ಮೇಲೆ ಬೋಸ್ನಿಯಾದ ಜ್ರಿನ್ಸ್ಕಿ ಮೋಸ್ತಾರ್ ಕ್ಲಬ್ಬಿಗೆ ಹೋಗಿದ್ದರು. ಒರಟು ಆಟ, ಒರಟು ಮೈದಾನ. ಅವರನ್ನು ಗಟ್ಟಿ ಮಾಡಿದ್ದು ಆ ವರ್ಷ.

ಅಲ್ಲಿ ನಾನು ಕಲಿತದ್ದು ಎರಡನೇ ಚೆಂಡಿನ ಲೆಕ್ಕ. ಕೆಳಗಿನ ಹಂತದಲ್ಲಿ ಚೆಂಡು ಜಾಸ್ತಿ ಗಾಳಿಯಲ್ಲೇ ಇರುತ್ತದೆ. ಇಬ್ಬರು ಹೆಡ್ ಮಾಡಲು ಹಾರುತ್ತಾರೆ, ಅದು ಎಲ್ಲೋ ಬೀಳುತ್ತದೆ, ಅದನ್ನು ಹಿಡಿದವನ ತಂಡಕ್ಕೆ ಆಟ. ಅಕಾಡೆಮಿಯಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಮೂರು ಮ್ಯಾಚ್ ಚೆಂಡನ್ನೇ ನೋಡುತ್ತಾ ನಿಂತು ಪ್ರತಿ ಸಲವೂ ತಡವಾಗಿ ತಲುಪಿದೆ. ಆಮೇಲೆ ಹಾರುವ ಇಬ್ಬರನ್ನು ನೋಡಲು ಶುರು ಮಾಡಿದೆ. ಓಡಿಬಂದು ಹಾರುವವನ ಹೆಡರ್ ದೂರ ಹೋಗುತ್ತದೆ. ನಿಂತಲ್ಲೇ ಹಾರುವವನದು ಹತ್ತಿರ ಬೀಳುತ್ತದೆ. ಹಿಂದಕ್ಕೆ ನಡೆಯುತ್ತಾ ಹಾರುವವನದು ತಲೆಗೆ ಸವರಿ ಅವನ ಬೆನ್ನ ಹಿಂದೆಯೇ ಹೋಗುತ್ತದೆ. ಇದು ಹತ್ತಕ್ಕೆ ಹತ್ತು ಸಲ ನಿಜವಾಗುವುದಿಲ್ಲ. ಏಳು ಸಲ ಆದರೂ ಸಾಕು. ಅವರು ಹಾರುವ ಮೊದಲೇ ನಾನು ಎರಡು ಹೆಜ್ಜೆ ಹೊರಟಿರುತ್ತಿದ್ದೆ.

ಜಾಗ ಬದಲಾದದ್ದು ಇನ್ನೂ ದೊಡ್ಡ ಪಾಠ. ಅಕಾಡೆಮಿಯಲ್ಲಿ ನಾನು 10ನೇ ನಂಬರ್, ಸ್ಟ್ರೈಕರ್ ಹಿಂದೆ ಆಡುವವನು. ಅಲ್ಲಿಂದ ಡಿಫೆಂಡರ್‌ಗಳ ಮುಂದಿನ ಜಾಗಕ್ಕೆ ಇಳಿಸಿದಾಗ ಮನಸ್ಸಿಗೆ ಕಸಿವಿಸಿ ಆಯಿತು. ಗೋಲು ಹೊಡೆಯುವ ಕನಸು ದೂರ ಹೋಯಿತು ಅನ್ನಿಸಿತು. ಆಗ ಆ ಕೋಚ್ ಪಿರ್ಲೊ ಕಥೆ ನೆನಪಿಸಿದರು. ಇಟಲಿಯ ಮಿಡ್‌ಫೀಲ್ಡರ್ ಆಗಿದ್ದ ಆಂದ್ರೇಯಾ ಪಿರ್ಲೊ ಕೂಡ ಮುಂದೆ ಆಡುವ ಹುಡುಗನಾಗಿಯೇ ಬೆಳೆದವರು. 2001ರಲ್ಲಿ ಲೋನ್ ಮೇಲೆ ಬ್ರೆಶಾ ಕ್ಲಬ್ಬಿಗೆ ಹೋದಾಗ ಅಲ್ಲಿ ಮುಂದೆ ಆಗಲೇ ದೊಡ್ಡ ಹೆಸರಾಗಿದ್ದ ರೊಬೆರ್ತೊ ಬಾಜ್ಜೊ ಇದ್ದರು. ಕೋಚ್ ಕಾರ್ಲೊ ಮಾಜ್ಜೋನೆ ಪಿರ್ಲೊ ಅವರನ್ನು ಹಿಂದಕ್ಕೆ ಇಳಿಸಿದರು. ಅಲ್ಲಿಂದ ಅವರಿಗೆ ಇಡೀ ಮೈದಾನ ಕಂಡಿತು. ಐದು ವರ್ಷದ ನಂತರ ಅದೇ ಜಾಗದಲ್ಲಿ ಆಡಿ ವಿಶ್ವಕಪ್ ಗೆದ್ದರು.

ನನಗೂ ಆಟ ಎದುರಿಗೆ ತೆರೆದುಕೊಂಡಿತು. ಆದರೆ ಅಪಾಯ ಬೆನ್ನಿಗೆ ಬಂತು. ಡಿಫೆಂಡರ್‌ಗಳಿಗೂ ನನಗೂ ನಡುವಿನ ಜಾಗಕ್ಕೆ ಎದುರಾಳಿಯ 10ನೇ ನಂಬರ್ ಜಾರಿಬಂದು ನಿಲ್ಲುತ್ತಾನೆ. ಅವನನ್ನು ಮುಟ್ಟುವಷ್ಟು ಹತ್ತಿರ ಹೋದರೆ ನನ್ನ ಮುಂದಿನ ಜಾಗ ಖಾಲಿಯಾಗುತ್ತದೆ. ಹಾಗಾಗಿ ಚೆಂಡು ಇರುವವನಿಗೂ ಅವನಿಗೂ ನಡುವೆ ಗೆರೆ ಎಳೆದರೆ ಆ ಗೆರೆಯ ಮೇಲೆ ನಾನು ನಿಂತಿರಬೇಕು. ಚೆಂಡು ಜಾಗ ಬದಲಿಸಿದಂತೆ ಗೆರೆಯೂ ಬದಲಾಗುತ್ತದೆ, ನಾನೂ ಒಂದೊಂದು ಹೆಜ್ಜೆ ಸರಿಯಬೇಕು. ಟಿವಿಯಲ್ಲಿ ಇದು ಕಾಣುವುದೇ ಇಲ್ಲ. ಬರದೇ ಹೋದ ಪಾಸನ್ನು ಯಾರು ಎಣಿಸುತ್ತಾರೆ? ಆ ಸೀಸನ್ನಿನಲ್ಲಿ 31 ಮ್ಯಾಚ್ ಆಡಿದೆ, ಒಂಬತ್ತು ಹಳದಿ ಕಾರ್ಡ್ ಪಡೆದೆ. ಒಂಬತ್ತರಲ್ಲಿ ಏಳು, ನಾನು ನಿಲ್ಲಬೇಕಾದ ಕಡೆ ನಿಲ್ಲದೆ, ತಡವಾಗಿ ಓಡಿಹೋಗಿ ಕಾಲು ಹಾಕಿದ್ದಕ್ಕೆ ಬಂದವು.

ವಾಪಸ್ ಬಂದ ವರ್ಷ ಹ್ಯಾಮ್‌ಸ್ಟ್ರಿಂಗ್ ಹೋಯಿತು. ಸೀಸನ್ ಶುರುವಾಗುವ ಮುಂಚಿನ ಮ್ಯಾಚ್, ಪೂರ್ತಿ ವೇಗದಲ್ಲಿ ಹಿಂದಕ್ಕೆ ಓಡುತ್ತಿದ್ದೆ. ತೊಡೆಯ ಹಿಂಭಾಗದಲ್ಲಿ ಯಾರೋ ಹೊಡೆದ ಹಾಗಾಯಿತು. ಮೂರು ವಾರ ಕಳೆಯಿತು, ನೋವು ಕಡಿಮೆಯಾಗಿತ್ತು. ಶನಿವಾರದ ಮ್ಯಾಚಿಗೆ ಜನ ಕಡಿಮೆ ಇದ್ದಾರೆ, ಆಗುತ್ತಾ ಅಂತ ಕೇಳಿದರು. ಟ್ರೇನಿಂಗ್‌ನಲ್ಲಿ ವೇಗವಾಗಿ ಓಡಿದಾಗ ಎಳೆತ ಇನ್ನೂ ಇತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಜಾಗ ಕಳೆದುಕೊಳ್ಳುವ ಭಯ. 34ನೇ ನಿಮಿಷಕ್ಕೆ ಅದೇ ಜಾಗದಲ್ಲಿ ಮತ್ತೆ ಹರಿಯಿತು, ಮೊದಲಿಗಿಂತ ಜಾಸ್ತಿ. 11 ವಾರ ಹೊರಗೆ.

ಆ 11 ವಾರದಲ್ಲಿ ಹೊಸ ಫಿಸಿಯೋ ಒಬ್ಬರು ಸಿಕ್ಕರು. ದಿನ ಎಣಿಸುವುದನ್ನು ಅವರು ಬಿಡಿಸಿದರು. ನೋವಿಲ್ಲದಿರುವುದು ಮೊದಲ ಮೆಟ್ಟಿಲು ಅಷ್ಟೇ ಅನ್ನುತ್ತಿದ್ದರು. ಎರಡು ಕಾಲಿನ ಬಲ ಸಮ ಆಗಬೇಕು. ಜಿಪಿಎಸ್ ಬನಿಯನ್ ಹಾಕಿ ಓಡಿದಾಗ ನನ್ನ ಹಳೆಯ ಗರಿಷ್ಠ ವೇಗದ ಹತ್ತಿರ ಹಲವು ಸಲ ತಲುಪಿರಬೇಕು. ಆಮೇಲಷ್ಟೇ ತಂಡದ ಟ್ರೇನಿಂಗ್, ಅದಾದ ಮೇಲೆ ಮ್ಯಾಚ್. ನಾರ್ಡಿಕ್ ವ್ಯಾಯಾಮವನ್ನೂ ಅವರೇ ಕಲಿಸಿದರು. ಮಂಡಿಯೂರಿ ಕೂತು, ಹಿಮ್ಮಡಿಯನ್ನು ಇನ್ನೊಬ್ಬರು ಹಿಡಿದುಕೊಂಡಿರುವಾಗ, ಮೈಯನ್ನು ನೇರವಾಗಿಟ್ಟು ನಿಧಾನವಾಗಿ ಮುಂದಕ್ಕೆ ಬೀಳುವುದು. ಇದನ್ನು ಬಿಡದೆ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಅಂತ ಅಧ್ಯಯನಗಳು ಹೇಳುತ್ತವೆ. ಮೊದಲ ವಾರ ಮೈಕೈ ನೋವು ಜೋರಾಗಿರುತ್ತದೆ, ಅದಕ್ಕೇ ಹುಡುಗರು ತಪ್ಪಿಸಿಕೊಳ್ಳುತ್ತಾರೆ. ನಾನು ಈಗಲೂ ವಾರಕ್ಕೆ ಎರಡು ಸಲ ಮಾಡುತ್ತೇನೆ. ಆಮೇಲೆ ಆ ತೊಡೆ ನನಗೆ ಕೈಕೊಟ್ಟಿಲ್ಲ.

ಗಾಯದ ದಿನಗಳಲ್ಲಿ ನಮ್ಮ ಮ್ಯಾಚ್‌ಗಳನ್ನು ಸ್ಟೇಡಿಯಂನ ಅತಿ ಮೇಲಿನ ಸಾಲಿನಲ್ಲಿ ಕೂತು ನೋಡಿದೆ. ಅಲ್ಲಿಂದ ಮುಖಗಳು ಕಾಣುವುದಿಲ್ಲ, ಆಕಾರ ಮಾತ್ರ ಕಾಣುತ್ತದೆ. ನಮ್ಮ 6ನೇ ನಂಬರಿನವನಿಗೆ ಚೆಂಡು ಬರುವ ಮೊದಲು, ನಾನಾಗಿದ್ದರೆ ಎಲ್ಲಿಗೆ ಕೊಡುತ್ತಿದ್ದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವನು ಬೇರೆ ಕಡೆ ಕೊಟ್ಟರೆ ಯಾಕೆ ಅಂತ ಬರೆದುಕೊಳ್ಳುತ್ತಿದ್ದೆ. ಎಷ್ಟೋ ಸಲ ಅವನ ಆಯ್ಕೆ ನನ್ನದಕ್ಕಿಂತ ಒಳ್ಳೆಯದಾಗಿತ್ತು. ನಾನು ದೂರದ ಅಂಚಿನಲ್ಲಿ ಓಡುವ ವಿಂಗರ್‌ನನ್ನು ನೋಡುವುದೇ ಇಲ್ಲ ಅಂತ ಗೊತ್ತಾಗಿದ್ದು ಹೀಗೆ. ಕಾಲು ಓಡದಿದ್ದ ಆ ಎರಡೂವರೆ ತಿಂಗಳಲ್ಲಿ ನಾನು ಕಲಿತಷ್ಟು ಅದಕ್ಕೆ ಮುಂಚಿನ ಒಂದು ವರ್ಷದಲ್ಲಿ ಕಲಿತಿರಲಿಲ್ಲ.

21ಕ್ಕೆ ಸೀನಿಯರ್ ತಂಡದಲ್ಲಿ ಜಾಗ ಗಟ್ಟಿಯಾಯಿತು. ಆ ವರ್ಷದ ಬಗ್ಗೆ ಜಾಸ್ತಿ ಹೇಳುವುದಕ್ಕೆ ಏನೂ ಇಲ್ಲ. ಆಡಿದೆ, ಮತ್ತೆ ಆಡಿದೆ. ಕೆಟ್ಟ ಮ್ಯಾಚ್ ಆದ ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಇಡುವುದನ್ನು ಕಲಿತೆ. ಜನ ಬರೆಯುವುದನ್ನು ಓದಿದರೆ ಮರುದಿನ ಟ್ರೇನಿಂಗ್‌ನಲ್ಲಿ ಪಾಸ್ ಕೊಡಲು ಕೈಕಾಲು ಹೆದರುತ್ತವೆ. ಹೆದರಿದ ಮಿಡ್‌ಫೀಲ್ಡರ್ ಚೆಂಡಿಗೆ ಕಾಣದ ಹಾಗೆ ಎದುರಾಳಿಯ ಮರೆಯಲ್ಲಿ ನಿಲ್ಲುತ್ತಾನೆ. ಓಡುತ್ತಿರುತ್ತಾನೆ, ಕೈ ಎತ್ತಿ ಕೇಳುತ್ತಿರುತ್ತಾನೆ, ಆದರೆ ಪಾಸ್ ಕೊಡಲು ದಾರಿಯೇ ಇರದ ಜಾಗದಲ್ಲಿ. ನಾನೂ ಹಾಗೆ ನಿಂತದ್ದಿದೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಮ್ಮ ಸೆಂಟರ್ ಬ್ಯಾಕ್‌ಗಳಿಗೆ ಗೊತ್ತಾಗುತ್ತದೆ. ಎರಡು ತಪ್ಪು ಪಾಸ್ ಆದ ಮೇಲೂ ಮೂರನೆಯದನ್ನು ಕೇಳಲು ಬೆಳಕಿಗೆ ಬಂದು ನಿಲ್ಲುವುದು, ನನ್ನ ಪ್ರಕಾರ, ಈ ಜಾಗದಲ್ಲಿ ಆಡುವವನ ದೊಡ್ಡ ಧೈರ್ಯ.

ಗೆರೆ ಎಳೆಯುವ ಪುಸ್ತಕ ಈಗಲೂ ಇದೆ, ಇದು ನಾಲ್ಕನೆಯದು. ಕಳೆದ ವಾರ ಹಿಂದಿನ ಐದು ಮ್ಯಾಚ್‌ಗಳ ಲೆಕ್ಕ ತೆಗೆದೆ. ಬಲಭುಜದ ಮೇಲಿಂದ ನೋಡಿದ್ದು ಎಡಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಈ ಸೀಸನ್ನಿನಲ್ಲಿ ನಾನು ಚೆಂಡು ಕಳೆದುಕೊಂಡ ಕಡೆಗಳನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದೆ. ಬಹುಪಾಲು ಎಡಗಡೆಯಿಂದ ಬಂದವರೇ ಕಿತ್ತುಕೊಂಡಿದ್ದಾರೆ. ಸೋಮವಾರದಿಂದ ಟ್ರೇನಿಂಗ್ ಶುರುವಾಗುವ ಅರ್ಧ ಗಂಟೆ ಮೊದಲು ಬರಲು ಅಕಾಡೆಮಿಯ ಇಬ್ಬರು ಹುಡುಗರಿಗೆ ಹೇಳಿದ್ದೇನೆ. ಒಬ್ಬ ಎದುರು ನಿಂತು ಪಾಸ್ ಕೊಡುತ್ತಾನೆ. ಇನ್ನೊಬ್ಬ ನನ್ನ ಎಡಭುಜದ ಹಿಂದೆ ನಿಂತು ಬೆರಳು ಎತ್ತುತ್ತಾನೆ.